ನಾಲ್ಕೂವರೆ ಎಕರೆಗೆ ಯಾವ ಯಂತ್ರ ಕೊಳ್ಳಲಿ? ಅಗೆಯಲೂ ಬೇಕು, ತುಂಬಲೂ ಬೇಕು

ಪ್ರಶ್ನೆ

ನಮ್ಮದು ನಾಲ್ಕೂವರೆ ಎಕರೆ. ಅರ್ಧ ಸಮತಟ್ಟು, ಉಳಿದದ್ದು ಇಳಿಜಾರು. ನಾನು ಮತ್ತು ನನ್ನ ತಾಯಿ ಇಬ್ಬರೇ ನೋಡಿಕೊಳ್ಳುತ್ತೇವೆ. ಆರು ಹಸುಗಳಿವೆ. ಕೊಟ್ಟಿಗೆಯಿಂದ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ ಗೊಬ್ಬರ ಹೊರುವುದು ಇಂದಿಗೂ ಮಂಕರಿ ಮತ್ತು ತಳ್ಳುಗಾಡಿಯಲ್ಲಿ. ಹೋದ ವರ್ಷದಿಂದ ತಾಯಿ ಭಾರ ಎತ್ತುವಂತಿಲ್ಲ. ಆ ಕೆಲಸವೆಲ್ಲ ನನ್ನ ಮೇಲೆ ಬಿದ್ದಿದೆ.

ಮುಂದಿರುವ ಕೆಲಸಗಳು ಇವು. ಮೇಲಿನ ಟ್ಯಾಂಕಿನಿಂದ ಕೆಳಗಿನ ತೋಟಕ್ಕೆ 300 ಮೀಟರ್ ಪೈಪ್ ಹೂಳಬೇಕು, ಮುಕ್ಕಾಲು ಮೀಟರ್ ಆಳದಲ್ಲಿ. ನೀರು ನಿಲ್ಲಿಸಲು ಒಂದು ಹೊಂಡ ತೋಡಿಸಬೇಕು: ಮೇಲೆ 12 ಮೀಟರ್ ಉದ್ದ, 10 ಮೀಟರ್ ಅಗಲ, ಆಳ ಎರಡೂವರೆ ಮೀಟರ್. ಕಡಿದ ಮರಗಳ ಏಳು ಬೊಡ್ಡೆಗಳನ್ನು ಕೀಳಿಸಬೇಕು. ಪ್ರತಿ ಮಳೆಗೂ ದಾರಿ ಕೊರಕಲಾಗುತ್ತದೆ, ಅದಕ್ಕೆ ಗರಸು ಹಾಕಿ ಸಮ ಮಾಡಬೇಕು.

ನೋಡಿಟ್ಟಿರುವುದು ಮೂರು. 35 ಎಚ್‌ಪಿ ಟ್ರ್ಯಾಕ್ಟರ್, ಅದಕ್ಕೆ ಮುಂದೆ ಲೋಡರ್ ಬಕೆಟ್, ಹಿಂದೆ ಅಗೆಯುವ ತೋಳು. ಎರಡನೆಯದು 1.7 ಟನ್ ತೂಕದ ಪುಟ್ಟ ಹಿಟಾಚಿ. ಮೂರನೆಯದು ಹಳೆಯ ಜೆಸಿಬಿ; ಎರಡೂ ಕೆಲಸಕ್ಕೆ ಇದೊಂದೇ ಸಾಕು ಎನ್ನುತ್ತಾರೆ ಮಾರುವವರು. ನನಗೆ ಟ್ರ್ಯಾಕ್ಟರ್ ಓಡಿಸಲು ಬರುತ್ತದೆ, ಉಳಿದವು ಬರುವುದಿಲ್ಲ. ಕೊಳ್ಳುವ ಶಕ್ತಿ ಇರುವುದು ಒಂದೇ ಯಂತ್ರಕ್ಕೆ. ತಪ್ಪಿದರೆ ಇನ್ನೊಂದು ಕೊಳ್ಳಲು ಹತ್ತು ವರ್ಷ ಬೇಕು. ತಿಳಿದವರು ಹೇಳಿ.

ಉತ್ತರ 1

ತಂಗಿ, ಇಪ್ಪತ್ತೆರಡು ವರ್ಷ ಈ ಯಂತ್ರಗಳ ಸೀಟಿನಲ್ಲಿ ಕುಳಿತವನು ನಾನು. ಕಾಲುವೆ, ಪಾಯ, ಹೊಂಡ, ರಸ್ತೆ ಎಲ್ಲ ಮಾಡಿದ್ದೇನೆ. ನೀವು ಅಳತೆ ಕೊಟ್ಟು ಕೇಳಿದ್ದೀರಿ, ಅದಕ್ಕೆ ಉತ್ತರಿಸಲು ಮನಸ್ಸಾಯಿತು. ಹೆಚ್ಚಿನವರು "ಯಾವುದು ಒಳ್ಳೆಯದು" ಎಂದಷ್ಟೇ ಕೇಳುತ್ತಾರೆ.

ಮೊದಲು ಹೊಂಡದ ಲೆಕ್ಕ ನೋಡೋಣ. ಗೋಡೆಯನ್ನು ನೇರವಾಗಿ ಇಳಿಸಬೇಡಿ, ಕುಸಿಯುತ್ತದೆ. ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಓರೆ ಬಿಟ್ಟರೆ ತಳ 7 ಮೀಟರ್ ಉದ್ದ, 5 ಮೀಟರ್ ಅಗಲಕ್ಕೆ ಬಂದು ನಿಲ್ಲುತ್ತದೆ. ಒಳಗಿನ ಮಣ್ಣು ಸುಮಾರು 183 ಘನ ಮೀಟರ್. ಕೂತ ಮಣ್ಣು ಅಗೆದ ಕೂಡಲೇ ಸಡಿಲಗೊಂಡು ಉಬ್ಬುತ್ತದೆ. ಕಾಲು ಪಾಲು ಉಬ್ಬಿದರೂ 229 ಘನ ಮೀಟರ್. ಜೇಡಿಯಾದರೆ ಇನ್ನೂ ಹೆಚ್ಚು. ತೂಕ ಮುನ್ನೂರು ಟನ್ ಆಸುಪಾಸು. 1.7 ಟನ್ ಹಿಟಾಚಿಯ ಬಕೆಟ್ಟಿಗೆ 0.05 ಘನ ಮೀಟರ್ ಹಿಡಿದರೆ ಹೆಚ್ಚು. ಅಂದರೆ ನಾಲ್ಕೂವರೆ ಸಾವಿರಕ್ಕೂ ಮೇಲೆ ಬಕೆಟ್. ಅದೇ 20 ಟನ್ನಿನ ದೊಡ್ಡ ಹಿಟಾಚಿ ಒಂದು ಸಲಕ್ಕೆ ಒಂದು ಘನ ಮೀಟರಿನಷ್ಟು ಎತ್ತುತ್ತದೆ. ಅದಕ್ಕೆ ಇನ್ನೂರ ಮೂವತ್ತು ಚಿಲ್ಲರೆ ಬಕೆಟ್. ದಡದಲ್ಲಿ ನಿಂತೇ ತಳ ಮುಟ್ಟುತ್ತದೆ. ಪುಟ್ಟದರ ತೋಳು ಎರಡೂಕಾಲು ಮೀಟರಿಗಿಂತ ಹೆಚ್ಚು ಇಳಿಯುವುದು ಕಷ್ಟ, ಅದನ್ನೇ ಹೊಂಡದೊಳಗೆ ಇಳಿಸಬೇಕಾಗುತ್ತದೆ. ಹೊಂಡ ಒಮ್ಮೆ ಆಗಿ ಮುಗಿಯುವ ಕೆಲಸ. ದೊಡ್ಡ ಯಂತ್ರವನ್ನು ಚಾಲಕನ ಸಮೇತ ಬಾಡಿಗೆಗೆ ಕರೆಸಿ. ಮಣ್ಣನ್ನು ಎಲ್ಲಿ ಸುರಿಯಬೇಕು ಎಂದು ಗೂಟ ನೆಟ್ಟು ಮೊದಲೇ ಗುರುತು ಮಾಡಿ. ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸಿ. ಅಡಿಮಣ್ಣಿನ ಜೊತೆ ಬೆರೆತುಹೋದರೆ ನಿಮ್ಮ ಹೊಲದ ಜೀವವೇ ಮಣ್ಣುಪಾಲಾದಂತೆ.

ಇನ್ನು ಪೈಪಿನ ಕಾಲುವೆ. 30 ಸೆಂಟಿಮೀಟರ್ ಅಗಲದ ಬಕೆಟ್ ಹಾಕಿದರೆ 67 ಘನ ಮೀಟರ್ ಚಿಲ್ಲರೆ. ಈ ಮಣ್ಣನ್ನು ಎಲ್ಲಿಗೂ ಸಾಗಿಸಬೇಕಾಗಿಲ್ಲ, ಪಕ್ಕಕ್ಕೆ ಹಾಕಿ ಪೈಪ್ ಇಟ್ಟ ಮೇಲೆ ಮತ್ತೆ ಎಳೆಯುವುದು ಅಷ್ಟೇ. ಇಲ್ಲಿ ಪುಟ್ಟ ಹಿಟಾಚಿಗೆ ಸಮನಾದದ್ದು ಇಲ್ಲ. ಕೈ ಪಳಗಿದವನಿಗೆ ಎರಡು ಮೂರು ದಿನ. ಏಳು ಬೊಡ್ಡೆಗಳಿಗೆ ಇನ್ನೆರಡು ದಿನ ಸೇರಿಸಿ. ಬೇರುಗಳನ್ನು ಸುತ್ತಲಿಂದ ಒಂದೊಂದಾಗಿ ಕಡಿದುಕೊಂಡು ಬರಬೇಕು, ಬೊಡ್ಡೆಯನ್ನೇ ಹಿಡಿದು ಎಳೆಯಲು ಹೋದರೆ ಯಂತ್ರ ವಾಲುತ್ತದೆ. ಒಟ್ಟು ಐದು ದಿನ. ಆರನೆಯ ದಿನ ಆ ಹಿಟಾಚಿಗೆ ನಿಮ್ಮಲ್ಲಿ ಏನು ಕೆಲಸ?

ಈಗ ಗೊಬ್ಬರಕ್ಕೆ ಬರುತ್ತೇನೆ, ನನ್ನ ಮಾತು ಇರುವುದೇ ಇಲ್ಲಿ. ಒಂದು ಹಸು ದಿನಕ್ಕೆ ಹದಿನೈದು ಕಿಲೋ ಸಗಣಿ ಹಾಕಿದರೂ ಆರು ಹಸುಗಳಿಗೆ ತೊಂಬತ್ತು ಕಿಲೋ. ವರ್ಷಕ್ಕೆ ಮೂವತ್ತೆರಡು ಟನ್‌ಗೂ ಮೇಲೆ. ಕೊಳೆತು ತೂಕ ಇಳಿದರೂ ಅದನ್ನು ಎರಡನೆಯ ಸಲ ಎತ್ತಲೇಬೇಕು. ಹತ್ತು ವರ್ಷದಲ್ಲಿ ಅದು ನಿಮ್ಮ ಹೊಂಡದ ಮಣ್ಣನ್ನೂ ಮೀರಿಸುತ್ತದೆ, ಅಷ್ಟನ್ನೂ ನೀವು ಬೆನ್ನಿನ ಮೇಲೆ ಹೊರುತ್ತಿದ್ದೀರಿ. ದಾರಿಗೆ ಗರಸು, ಮೇವು, ಗೊಬ್ಬರದ ಚೀಲ, ಕಲ್ಲು, ಎಲ್ಲವೂ ತುಂಬಿ ಸಾಗಿಸುವ ಕೆಲಸವೇ. ಪುಟ್ಟ ಹಿಟಾಚಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರಿಗಿಂತ ಬೇಗ ನಡೆಯುವುದಿಲ್ಲ. ಅದರ ಬಕೆಟ್ಟಿನಲ್ಲಿ ಗೊಬ್ಬರ ಹೊತ್ತು ಹೋಗುವುದಕ್ಕಿಂತ ನಿಮ್ಮ ತಳ್ಳುಗಾಡಿ ವಾಸಿ.

ಆದ್ದರಿಂದ ಲೋಡರ್ ಇರುವ ಟ್ರ್ಯಾಕ್ಟರ್ ಕೊಳ್ಳಿ. ಅಗೆಯುವ ಕೆಲಸವನ್ನು ಬಾಡಿಗೆ ಯಂತ್ರಕ್ಕೆ ಬಿಡಿ.

ಹಳೆಯ ಜೆಸಿಬಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಆ ಯಂತ್ರದ ಮೇಲೆ ನನಗೆ ತಾಯಿ ಮೇಲಿನಷ್ಟು ಅಕ್ಕರೆ, ಅನ್ನ ಹಾಕಿದ್ದೇ ಅದು. ಆದರೆ ಏಳೂವರೆ ಎಂಟು ಟನ್ ತೂಕದ ಯಂತ್ರ ಹಸಿ ಹೊಲದ ಮೇಲೆ ಓಡಾಡಿದರೆ ನೆಲ ಗಟ್ಟಿಯಾಗಿ ಬೇರು ಇಳಿಯುವುದಿಲ್ಲ. ಕೊಟ್ಟಿಗೆಯ ಹತ್ತಿರ ಅದಕ್ಕೆ ತಿರುಗಲು ಜಾಗ ಸಾಲದು. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿ ಉಳಿದ ದಿನ ಬಿಸಿಲು ಮಳೆಗೆ ನಿಂತರೆ ಸಿಲಿಂಡರಿನ ರಾಡು ತುಕ್ಕು ಹಿಡಿಯುತ್ತದೆ. ಆ ತುಕ್ಕು ಸೀಲನ್ನು ಕತ್ತರಿಸಿ ಎಣ್ಣೆ ಸೋರಲು ಶುರುವಾಗುತ್ತದೆ. ದಿನವೂ ದುಡಿಯುವ ಜಾಗದಲ್ಲಿ ಮಾತ್ರ ಅದು ಆರೋಗ್ಯವಾಗಿರುತ್ತದೆ.

ಟ್ರ್ಯಾಕ್ಟರ್ ನೋಡುವಾಗ ನಾಲ್ಕೂ ಚಕ್ರಕ್ಕೆ ಎಳೆತ ಇರುವುದನ್ನೇ ನೋಡಿ. ಹಿಂದಿನ ಎರಡೇ ಚಕ್ರ ಎಳೆಯುವ ಟ್ರ್ಯಾಕ್ಟರಿನ ಮುಂದಿನ ಆಕ್ಸಲ್ ಲೋಡರಿನ ಭಾರಕ್ಕೆ ಮಾಡಿದ್ದಲ್ಲ. ಬೇರಿಂಗ್ ಮತ್ತು ಸ್ಟೀರಿಂಗ್ ಎರಡೂ ಬೇಗ ಸವೆಯುತ್ತವೆ. ಪವರ್ ಸ್ಟೀರಿಂಗ್ ಇರಲೇಬೇಕು. ಮುಂದೆ ಹಿಂದೆ ಹೋಗಲು ಒಂದೇ ಸನ್ನೆ (ಲಿವರ್) ಇರುವ ಶಟಲ್ ಗೇರ್ ಸಿಕ್ಕರೆ ಬಿಡಬೇಡಿ. ಲೋಡರ್ ಕೆಲಸವೆಂದರೆ ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ, ದಿನವಿಡೀ. ಸಾಮಾನ್ಯ ಗೇರಿನಲ್ಲಿ ಮೊದಲು ಸೋಲುವುದು ನಿಮ್ಮ ಎಡಗಾಲು, ಆಮೇಲೆ ಕ್ಲಚ್ಚು.

ಲೋಡರ್ ಎಷ್ಟು ಎತ್ತುತ್ತದೆ ಎಂದು ಕೇಳಿದರೆ ಒಂದು ಅಂಕಿ ಹೇಳುತ್ತಾರೆ. ಆ ಅಂಕಿ ಎಲ್ಲಿ ಅಳೆದದ್ದು ಎಂದು ಮತ್ತೆ ಕೇಳಿ. ಬಕೆಟ್ ಸಿಕ್ಕಿಸುವ ಪಿನ್ನಿನ ಹತ್ತಿರ ಅಳೆದರೆ ಹೆಚ್ಚು ಕಾಣುತ್ತದೆ. ನಿಜವಾದ ಭಾರ ಇರುವುದು ಅದಕ್ಕಿಂತ ಅರ್ಧ ಮೀಟರ್ ಮುಂದೆ, ಅಲ್ಲಿ ಕಡಿಮೆ. 0.3 ಘನ ಮೀಟರ್ ಬಕೆಟ್ಟಿಗೆ ಒದ್ದೆ ಮಣ್ಣು ತುಂಬಿದರೆ ಐನೂರು ಕಿಲೋ ದಾಟುತ್ತದೆ.

ಹಿಂದೆ ಭಾರ ಕಟ್ಟದೆ ಲೋಡರ್ ಎತ್ತಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಬಕೆಟ್ ತುಂಬಿ ಎತ್ತಿದಾಗ ಹಿಂದಿನ ಚಕ್ರಗಳು ಹಗುರಾಗುತ್ತವೆ. ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತೂಗುತ್ತಿರುತ್ತದೆ, ಆದ್ದರಿಂದ ಟ್ರ್ಯಾಕ್ಟರ್ ಅಡ್ಡಕ್ಕೆ ಮಗುಚುವುದನ್ನು ಅದು ತಡೆಯುವುದಿಲ್ಲ. ತಡೆಯಬೇಕಾದದ್ದು ಹಿಂದಿನ ಚಕ್ರಗಳು, ಅವೇ ಹಗುರಾಗಿವೆ. ಇಳಿಜಾರಿನಲ್ಲಿ ಒಂದು ಕಲ್ಲು ಸಿಕ್ಕರೂ ಸಾಕು. ಟ್ರ್ಯಾಕ್ಟರಿನ ಹಿಂದಿನ ಲಿಫ್ಟಿಗೆ ಕಬ್ಬಿಣದ ಪೆಟ್ಟಿಗೆ ಸಿಕ್ಕಿಸಿ ಕಲ್ಲೋ ಕಾಂಕ್ರೀಟೋ ತುಂಬಿ. ಸಾಗುವಾಗ ಬಕೆಟ್ ಮೊಣಕಾಲಿನ ಕೆಳಗೇ ಇರಲಿ, ಸುರಿಯುವ ಜಾಗಕ್ಕೆ ಹೋಗಿ ನಿಂತ ಮೇಲೆ ಎತ್ತಿ. ಸೀಟಿನ ಹಿಂದಿನ ರಕ್ಷಣಾ ಕಮಾನು ಮತ್ತು ಸೀಟ್ ಬೆಲ್ಟ್ ಜೋಡಿ. ಬೆಲ್ಟ್ ಇಲ್ಲದಿದ್ದರೆ ಉರುಳುವಾಗ ನಿಮ್ಮನ್ನು ಹೊರಗೆ ಎಸೆಯುತ್ತದೆ, ಆ ಕಮಾನೇ ಮೈಮೇಲೆ ಬರಬಹುದು.

ಉತ್ತರ 2

ಮೇಲೆ ಅಣ್ಣ ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸುವ ಅಗೆಯುವ ತೋಳಿನ ಬಗ್ಗೆ ಮಾತ್ರ ನನ್ನ ಅನುಭವ ಸೇರಿಸುತ್ತೇನೆ.

ನಾನು ಕೊಂಡದ್ದು ಲಿಫ್ಟಿನ ಮೂರು ಕೊಂಡಿಗಳಿಗೆ ಮಾತ್ರ ಸಿಕ್ಕಿಸುವ ತೋಳು. ಮಾರಿದವರು ಐದು ನಿಮಿಷದಲ್ಲಿ ಕಳಚಬಹುದು ಎಂದರು, ಅದು ನಿಜ. ಮೂರನೆಯ ತಿಂಗಳು ಗಟ್ಟಿ ಗರಸಿನಲ್ಲಿ ಅಗೆಯುತ್ತಿದ್ದಾಗ ಹಲ್ಲು ಒಂದು ಬಂಡೆಗೆ ಸಿಕ್ಕಿತು. ನಾನು ಸನ್ನೆ ಒತ್ತಿದೆ. ಬಂಡೆ ಕದಲಲಿಲ್ಲ, ಮೇಲಿನ ಕೊಂಡಿಯ ಪಿನ್ನು ತುಂಡಾಯಿತು. ನಾನು ಕುಳಿತಿದ್ದ ಸೀಟಿನ ಸಮೇತ ತೋಳಿನ ಇಡೀ ಚೌಕಟ್ಟು ಮೇಲೆದ್ದು ನನ್ನನ್ನು ಟ್ರ್ಯಾಕ್ಟರಿನ ಕಮಾನಿಗೆ ಒತ್ತಿತು. ಸನ್ನೆಯಿಂದ ಕೈ ಜಾರಿದ್ದರಿಂದ ಒತ್ತಡ ನಿಂತಿತು. ಎರಡು ಪಕ್ಕೆಲುಬು ಮುರಿದವು. ಆ ದಿನ ಹೊಲದಲ್ಲಿ ನನ್ನ ಜೊತೆ ಯಾರೂ ಇರಲಿಲ್ಲ.

ಹಿಂದೆ ತೋಳು ಬೇಕೇ ಬೇಕು ಎನ್ನುವುದಾದರೆ ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಹಾದು ಮುಂದಿನ ಲೋಡರಿನ ಬುಡದವರೆಗೆ ಹೋಗುವ ಉಕ್ಕಿನ ಚೌಕಟ್ಟು ಇರುವುದನ್ನೇ ಕೊಳ್ಳಿ. ಅಗೆಯುವ ಬಲವನ್ನೆಲ್ಲ ಆ ಚೌಕಟ್ಟು ಹೊರುತ್ತದೆ, ಟ್ರ್ಯಾಕ್ಟರಿನ ಗೇರ್ ಪೆಟ್ಟಿಗೆಗೂ ಕೊಂಡಿಗಳಿಗೂ ಹೋಗುವುದಿಲ್ಲ. ಅದನ್ನು ಹಾಕುವುದು ಕಳಚುವುದು ಹೆಚ್ಚಿನ ಕೆಲಸ, ಇರಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೈ ಮುಗಿಯುತ್ತೇನೆ. ಎರಡನೆಯ ಉತ್ತರ ಓದಿ ತಾಯಿಗೂ ಓದಿ ಹೇಳಿದೆ. ಹಿಂದಿನ ತೋಳನ್ನು ಕೈಬಿಟ್ಟಿದ್ದೇನೆ.

ಇವತ್ತು ಕೊಟ್ಟಿಗೆಯ ಬಾಗಿಲು ಅಳೆದೆ. ಎತ್ತರ 2.1 ಮೀಟರ್, ಅಗಲ 2.4. ನೋಡಿಟ್ಟ ಟ್ರ್ಯಾಕ್ಟರಿನ ಕಮಾನು 2.35 ಮೀಟರ್. ಒಳಗೆ ಹೋಗುವುದಿಲ್ಲ! ಪರಿಚಯದವರೊಬ್ಬರು ಹಾಗಾದರೆ ಬಾಬ್‌ಕ್ಯಾಟ್ ಎನ್ನುವ ಪುಟ್ಟ ಲೋಡರ್ ಯಂತ್ರ ತೆಗೆದುಕೊಳ್ಳಿ, ಗಿಡ್ಡಗಿದೆ ಎಂದರು. ಅದು ಸರಿಯೇ?

ಉತ್ತರ 3

ಕೊಳ್ಳುವ ಮೊದಲು ಬಾಗಿಲು ಅಳೆದಿರಲ್ಲ, ಬಹಳ ಒಳ್ಳೆಯದಾಯಿತು.

ಬಾಬ್‌ಕ್ಯಾಟ್ ಹುಟ್ಟಿದ್ದೇ ನಿಮ್ಮಂಥ ಕಷ್ಟದಿಂದ. ಅಮೆರಿಕದ ಮಿನ್ನೆಸೋಟದಲ್ಲಿ ಟರ್ಕಿ ಕೋಳಿ ಸಾಕುವವರೊಬ್ಬರಿಗೆ ಕೊಟ್ಟಿಗೆಯೊಳಗಿನ ಹಿಕ್ಕೆ ಬಾಚಲು ಪುಟ್ಟ ಯಂತ್ರ ಬೇಕಾಗಿತ್ತು. ಕೆಲ್ಲರ್ ಸಹೋದರರು 1957ರಲ್ಲಿ ಮೂರು ಚಕ್ರದ ಲೋಡರ್ ಮಾಡಿಕೊಟ್ಟರು. ಆ ಯಂತ್ರವೇ ಬೆಳೆದು ಇದಾಯಿತು. ಇಪ್ಪತ್ತು ಮೂವತ್ತು ಹಸುಗಳ ಕಾಂಕ್ರೀಟ್ ನೆಲದ ಕೊಟ್ಟಿಗೆಗೆ ಅದನ್ನೇ ಹೇಳುತ್ತಿದ್ದೆ. ನಿಮಗೆ ಹೇಳಲಾರೆ. ಅದು ಚಕ್ರ ತಿರುಗಿಸಿ ತಿರುಗುವುದಿಲ್ಲ. ಒಂದು ಪಕ್ಕದ ಚಕ್ರಗಳನ್ನು ತಡೆದು ನೆಲ ಉಜ್ಜಿಕೊಂಡು ತಿರುಗುತ್ತದೆ. ಹೊಲದಲ್ಲಿ ತಿರುಗಿದ ಕಡೆಯೆಲ್ಲ ಹುಲ್ಲು ಕಿತ್ತು ಬರುತ್ತದೆ, ಒದ್ದೆ ಇದ್ದರೆ ಹೂತುಕೊಳ್ಳುತ್ತದೆ. ಉಳುವುದಿಲ್ಲ, ಟ್ರೇಲರ್ ಎಳೆಯಲೂ ತಕ್ಕದ್ದಲ್ಲ.

ಮಡಚುವ ಕಮಾನು ಇರುವ ಟ್ರ್ಯಾಕ್ಟರ್ ಕೇಳಿ. ಬಾಗಿಲು ದಾಟುವಷ್ಟು ಹೊತ್ತು ಮಡಚಿ, ಹೊರಗೆ ಬಂದ ಕೂಡಲೇ ಕಮಾನನ್ನು ಎತ್ತಿ ನಿಲ್ಲಿಸಿ ಪಿನ್ ಹಾಕಿ. ಮಡಚಿದಾಗ ಮಾತ್ರ ಬೆಲ್ಟ್ ಹಾಕಬಾರದು, ಎತ್ತಿದಾಗ ಹಾಕಲೇಬೇಕು. ಇಳಿಜಾರಿಗೆ ಮಡಚಿಕೊಂಡು ಹೋಗಲೇಬೇಡಿ. ಇನ್ನೂ ಸುಲಭದ ದಾರಿಯಿದೆ: ಆರು ಹಸುಗಳ ಸಗಣಿಯನ್ನು ಬಾಗಿಲವರೆಗೆ ಬಾಚಿ ಹೊರಗೆ ರಾಶಿ ಹಾಕಿದರೆ ಟ್ರ್ಯಾಕ್ಟರ್ ಒಳಗೆ ಹೋಗುವ ಅಗತ್ಯವೇ ಇಲ್ಲ. ಬಾಗಿಲ ಮುಂದೆ ಗಟ್ಟಿ ನೆಲ ಮಾಡಿಸಿ, ಒಂದು ಕಡೆ ಎದೆ ಎತ್ತರದ ಗೋಡೆ ಕಟ್ಟಿಸಿ. ಗೋಡೆ ಇಲ್ಲದಿದ್ದರೆ ರಾಶಿ ಬಕೆಟ್ಟಿನ ಮುಂದೆ ಮುಂದೆ ಜಾರುತ್ತಲೇ ಇರುತ್ತದೆ, ತುಂಬುವುದಿಲ್ಲ. ಬಕೆಟ್ ನೆಲಕ್ಕೆ ಸಮನಾಗಿರಲಿ, ಕಡಿಮೆ ಗೇರಿನಲ್ಲಿ ನಿಧಾನವಾಗಿ ನುಗ್ಗಿ. ಎಂಜಿನ್ ಸದ್ದು ಭಾರವಾಗುತ್ತಿದ್ದಂತೆ ಬಕೆಟ್ಟನ್ನು ಒಳಕ್ಕೆ ಮಡಚಿ, ಆಮೇಲೆ ಎತ್ತಿ. ವೇಗವಾಗಿ ಗುದ್ದಬೇಡಿ.

ಹಳೆಯ ಟ್ರ್ಯಾಕ್ಟರ್ ಆದರೆ ಬೆಳಿಗ್ಗೆ ಹೋಗಿ, ಎಂಜಿನ್ ಮುಟ್ಟಿ ತಣ್ಣಗಿದೆಯೇ ನೋಡಿ, ನಿಮ್ಮ ಕಣ್ಣೆದುರಿಗೇ ಶುರು ಮಾಡಿಸಿ. ಹೈಡ್ರಾಲಿಕ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಬಕೆಟ್ ತುಂಬಿಸಿ ಎತ್ತಿ ನಿಲ್ಲಿಸಿ, ಯಾರೂ ಕೆಳಗೆ ಹೋಗದಂತೆ ನೋಡಿಕೊಂಡು ಹತ್ತು ನಿಮಿಷ ಕಾಯಿರಿ; ಎಷ್ಟು ಇಳಿಯುತ್ತದೆ ಎಂದು ಕಣ್ಣಿಡಿ. ಆಮೇಲೆ ಬಕೆಟ್ಟನ್ನು ನೆಲಕ್ಕೆ ಊರಿ ಮೆಲ್ಲಗೆ ಒತ್ತಿಸಿ, ಪಿನ್ನುಗಳ ಹತ್ತಿರ ನೋಡಿ. ತೋಳು ಕದಲುವ ಮೊದಲೇ ಪಿನ್ನು ಆಡಿದರೆ ಬುಷ್ (ಪಿನ್ನಿನ ಸುತ್ತಲಿನ ಬಳೆ) ಸವೆದಿದೆ.

ಕಾಲುವೆ ತೋಡುವ ದಿನಕ್ಕೆ ಒಂದು ಮಾತು. ನೆಲದಡಿ ಹೋಗಿರುವ ವಿದ್ಯುತ್ ತಂತಿ, ಹಳೆಯ ಪೈಪು ಎಲ್ಲಿವೆ ಎಂದು ತಾಯಿಯನ್ನು ಕೇಳಿ ಸುಣ್ಣದಿಂದ ಗೆರೆ ಎಳೆದಿಡಿ. ಅಗೆದ ಮಣ್ಣು ಅಂಚಿನಿಂದ ಎರಡು ಅಡಿ ದೂರವಿರಲಿ.

ಪ್ರಶ್ನೆ ಕೇಳಿದವರು

ಅಣ್ಣ, ತಂತಿಯ ವಿಷಯ ಕೇಳಿದ್ದು ಒಳ್ಳೆಯದಾಯಿತು. ಟ್ಯಾಂಕಿನ ಪಂಪಿಗೆ ಹೋಗುವ ತಂತಿ ಹಳೆಯ ಬೇಲಿಯ ಪಕ್ಕದಲ್ಲೇ ಇದೆಯಂತೆ, ನಾನು ಹುಟ್ಟುವ ಮೊದಲೇ ಹೂತದ್ದು. ತಾಯಿ ಕೋಲು ಹಿಡಿದು ನಡೆದು ತೋರಿಸಿದರು. ಪೈಪಿನ ದಾರಿಯನ್ನು ನಾಲ್ಕು ಮೀಟರ್ ಈಚೆಗೆ ಸರಿಸಿದ್ದೇನೆ.

ಮಡಚುವ ಕಮಾನಿನ, ನಾಲ್ಕು ಚಕ್ರದ ಎಳೆತದ ಟ್ರ್ಯಾಕ್ಟರ್ ಒಂದು ಇದೆ, ಲೋಡರ್ ಸಮೇತ. ನಾಡಿದ್ದು ಬೆಳಿಗ್ಗೆ ಏಳಕ್ಕೆ ಬರುತ್ತೇನೆ, ಎಂಜಿನ್ ಶುರು ಮಾಡಿಡಬೇಡಿ ಎಂದು ಫೋನಿನಲ್ಲಿ ಹೇಳಿದ್ದೇನೆ.