ರೊಟ್ಟಿ ಬಡಿಯುವ ಮನೆಗೆ ಹೊಸ ಅಡುಗೆಮನೆ: ಬಣ್ಣ, ಕಟ್ಟೆ, ಅನುಕೂಲ ಹೊಂದಿಸುವುದು ಹೇಗೆ?

ಪ್ರಶ್ನೆ (ರಾಯಚೂರಿನಿಂದ)

ಎಲ್ಲರಿಗೂ ನಮಸ್ಕಾರ. ಮಳೆಗಾಲ ಮುಗಿಯುತ್ತಲೇ ನಮ್ಮ ಹಳೆಯ ಮನೆಯ ಅಡುಗೆಮನೆಯನ್ನು ಹೊಸದಾಗಿ ಮಾಡಿಸಬೇಕೆಂದಿದ್ದೇವೆ. ಕೋಣೆ 11 ಅಡಿ ಉದ್ದ, 8 ಅಡಿ ಅಗಲವಿದೆ. ಇರುವ ಒಂದೇ ಕಿಟಕಿ ಪಶ್ಚಿಮದ ಗಿಡ್ಡ ಗೋಡೆಯಲ್ಲಿದ್ದು, ಒಲೆ ಅದರ ಕೆಳಗೇ ಇರುವುದರಿಂದ ಬೇಸಿಗೆಯ ಸಂಜೆ ಅಲ್ಲಿ ನಿಲ್ಲುವುದೇ ಕಷ್ಟ. ನಮ್ಮ ಯಜಮಾನರಿಗೆ ಹೊಳೆಯುವ ಬಿಳಿ ಕಪಾಟುಗಳೂ ಕಪ್ಪು ಗ್ರಾನೈಟ್ ಕಟ್ಟೆಯೂ ಮನಸ್ಸಿಗೆ ಬಂದಿವೆ. ಮಗಳು ನಡುಮನೆಯ ಕಡೆಯ ಗೋಡೆಯನ್ನು ತೆಗೆಸಿ ತೆರೆದ ಅಡುಗೆಮನೆ ಮಾಡೋಣ ಎನ್ನುತ್ತಾಳೆ. ಅತ್ತೆಯವರು ದಿನವೂ ಜೋಳದ ರೊಟ್ಟಿ ಬಡಿಯುತ್ತಾರೆ. ಈಗಿರುವ ಕಡಪಾ ಕಲ್ಲಿನ ಕಟ್ಟೆ ಎತ್ತರವಾಗಿ ಭುಜ ನೋಯುತ್ತದೆಂದು ನೆಲದ ಮೇಲೆ ಕೂತೇ ಬಡಿಯುತ್ತಿದ್ದರು, ಈಗ ಮೊಣಕಾಲು ಮಡಚಲು ಆಗುತ್ತಿಲ್ಲ. ಬೋರ್ ನೀರು ಬಹಳ ಗಡಸು, ನಲ್ಲಿಯ ಸುತ್ತ ಬಿಳಿ ಕಲೆ ಬಿಡದೆ ಕೂಡುತ್ತದೆ. ಇಷ್ಟನ್ನೂ ಹೊಂದಿಸುವ ದಾರಿಯನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಗಂಗಾವತಿಯಿಂದ, ಒಳಾಂಗಣ ಕೆಲಸ ಮಾಡಿಸುವವನು)

ಬಣ್ಣದ ಮಾತನ್ನು ಸ್ವಲ್ಪ ಬದಿಗಿಟ್ಟು, ಮೊದಲು ನಿಮ್ಮ ಅತ್ತೆಯವರನ್ನು ಬರಿಗಾಲಲ್ಲಿ ನಿಲ್ಲಿಸಿ ನೆಲದಿಂದ ಅವರ ಮೊಣಕೈವರೆಗಿನ ಎತ್ತರವನ್ನು ಅಳೆಯಿರಿ. ತರಕಾರಿ ಹೆಚ್ಚುವ ಕಟ್ಟೆ ಮೊಣಕೈಗಿಂತ ಮೂರು ನಾಲ್ಕು ಇಂಚು ಕೆಳಗಿದ್ದರೆ ಸಾಕು, ಆದರೆ ರೊಟ್ಟಿಯನ್ನು ಮೈಭಾರ ಹಾಕಿ ಬಡಿಯಬೇಕಾದ್ದರಿಂದ ಆ ಕಟ್ಟೆ ಆರೇಳು ಇಂಚಾದರೂ ಕೆಳಗಿರಬೇಕು. ಐದಡಿ ಎತ್ತರದವರಿಗೆ ಇದು ಸುಮಾರು 30 ಇಂಚಿಗೆ ಬರುತ್ತದೆ. ಮೇಸ್ತ್ರಿಗಳು ರೂಢಿಯಂತೆ ಎಲ್ಲ ಕಡೆಗೂ 33 ಅಥವಾ 34 ಇಂಚು ಕಟ್ಟಿಬಿಡುತ್ತಾರೆ, ಭುಜದ ನೋವು ಶುರುವಾಗುವುದೇ ಅಲ್ಲಿಂದ.

ನನ್ನ ಸಲಹೆ ಎಲ್ ಆಕಾರದ ಕಟ್ಟೆ. ಗಿಡ್ಡ ಗೋಡೆಯ ಕಿಟಕಿಯ ಕೆಳಗೆ ರೊಟ್ಟಿಯ ಕಟ್ಟೆ ಬರಲಿ. ಮೂಲೆ ದಾಟಿದೊಡನೆ ಉದ್ದ ಗೋಡೆಗೆ ಒಲೆ, ಅದರಾಚೆ ಹೆಚ್ಚುವ ಜಾಗ, ಕೊನೆಯಲ್ಲಿ ಸಿಂಕ್ ಇರಲಿ. ಬಡಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಹಿಂದಕ್ಕೆ ತಿರುಗಿ ನಡೆಯುವಂತಾಗಬಾರದು, ಅರ್ಧ ಹೆಜ್ಜೆಯಲ್ಲಿ ಹಂಚಿಗೆ ಬೀಳಬೇಕು. ಒಲೆ ಇಡುವ ಭಾಗವನ್ನೂ 30 ಇಂಚಿಗೇ ಇಳಿಸಿ, ಏಕೆಂದರೆ ಒಲೆಯ ಎತ್ತರ ಕೂಡಿಕೊಂಡರೆ ಹಂಚು ಎದೆಮಟ್ಟಕ್ಕೆ ಬರುತ್ತದೆ. ರೊಟ್ಟಿ ಕಟ್ಟೆಯ ಅಡಿಯಲ್ಲಿ ಕಪಾಟು ಮಾಡಿಸದೆ ಖಾಲಿ ಬಿಟ್ಟರೆ ಅತ್ತೆಯವರು ಬೇಕಾದಾಗ ಸ್ಟೂಲ್ ಹಾಕಿಕೊಂಡು ಕೂರಬಹುದು. ರೊಟ್ಟಿ ಬೆಳಗಿನ ಕೆಲಸವಾದರೆ ಆಗ ಪಶ್ಚಿಮದ ಕಿಟಕಿಯಲ್ಲಿ ಬಿಸಿಲಿಲ್ಲದ ತಂಪು ಬೆಳಕಿರುತ್ತದೆ. ಸಂಜೆಯ ಇಳಿಬಿಸಿಲನ್ನು ಸಜ್ಜಾ ತಡೆಯಲಾರದು, ಹೊರಗಿನಿಂದ ಬಿದಿರಿನ ತಟ್ಟಿ ಇಳಿಬಿಡಬೇಕು.

ಸಿಂಕಿನ ಕೆಳಗಿನ ಕಪಾಟಿಗೆ ಎಂ.ಡಿ.ಎಫ್. (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ, ನೀರು ಸೋರಿದರೆ ಉಬ್ಬಿಹೋಗುತ್ತದೆ. ನೀರಿಗೆ ತಾಳುವ, ಐ.ಎಸ್. 710 ಮುದ್ರೆಯ (ಮರೈನ್ ದರ್ಜೆಯ) ಪ್ಲೈವುಡ್ ಕೇಳಿ ಪಡೆಯಿರಿ.

ಉತ್ತರ 2 (ಬಳ್ಳಾರಿಯಿಂದ, ಗೃಹಿಣಿ)

ಅಳತೆಯ ಬಗ್ಗೆ ಸಹೋದರರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಬಣ್ಣವನ್ನು ಕೊನೆಗೆ ತಳ್ಳುವುದು ನನಗೆ ಸರಿಯೆನಿಸುವುದಿಲ್ಲ, ಏಕೆಂದರೆ ದಿನದ ಹೆಚ್ಚು ಹೊತ್ತು ನಾವು ನಿಂತಿರುವುದು ಆ ಬಣ್ಣಗಳ ನಡುವೆಯೇ. ನಮ್ಮೂರಿನ ಕೆಂಪು ಧೂಳಾಗಲಿ ನಿಮ್ಮೂರಿನ ಎರೆಮಣ್ಣಿನ ಧೂಳಾಗಲಿ ಹೊಳೆಯುವ ಬಿಳಿಯ ಮೇಲೆ ಕೂತರೆ ಮಧ್ಯಾಹ್ನಕ್ಕೇ ಕಾಣುತ್ತದೆ. ಅದರ ಮೇಲೆ ಅರಿಶಿನದ ಕೈ ತಾಗಿದರಂತೂ ಹೇಳುವುದೇ ಬೇಡ. ಕಪ್ಪು ಪಾಲಿಶ್ ಗ್ರಾನೈಟಿನ ಕಥೆಯೂ ಅಷ್ಟೇ. ಗಡಸು ನೀರಿನ ಒಂದು ಹನಿ ಒಣಗಿದರೂ ಅಂಚು ಬೆಳ್ಳಗೆ, ನಡು ಮಸುಕಾದ ಉಂಗುರ ಉಳಿಯುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಮಾಯವಾದಂತಾಗಿ ಒಣಗಿದ ಮೇಲೆ ಮತ್ತೆ ಮೂಡುತ್ತದೆ.

ನಮ್ಮ ಮನೆಯಲ್ಲಿ ಇಳಕಲ್–ಕುಷ್ಟಗಿ ಸೀಮೆಯ ಕೆಂಪು ಗ್ರಾನೈಟ್ ಹಾಕಿಸಿದ್ದೇವೆ. ಅದರೊಳಗೇ ಬಣ್ಣಬಣ್ಣದ ಹರಳುಗಳಿರುವುದರಿಂದ ಉಪ್ಪಿನ ಕಲೆಯಾಗಲಿ ಖಾರಪುಡಿಯ ಕಣವಾಗಲಿ ಕಣ್ಣಿಗೆ ಚುಚ್ಚುವುದಿಲ್ಲ. ಕಲ್ಲಿಗೇ ಅಷ್ಟು ಬಣ್ಣವಿದ್ದಾಗ ಕಪಾಟುಗಳು ಸಾದಾ ಇರಬೇಕು: ಹೊಳಪಿಲ್ಲದ ಕೆನೆ ಬಣ್ಣ ಅಥವಾ ಬಿಳಿಜೋಳದ ಹಿಟ್ಟಿನ ಬಣ್ಣ ಚೆನ್ನಾಗಿ ಹೊಂದುತ್ತದೆ. ಇಳಕಲ್ ಸೀರೆಯಲ್ಲಿ ಮೈ ಒಂದು ಬಣ್ಣ, ಅಂಚು ಮಾತ್ರ ಗಾಢವಾಗಿರುವಂತೆ, ಗಾಢ ಬಣ್ಣ ಒಂದೇ ಕಡೆ ಬಂದರೆ ಕೋಣೆ ದೊಡ್ಡದಾಗಿ ಕಾಣುತ್ತದೆ. ಯಜಮಾನರಿಗೆ ಬಿಳಿಯೇ ಬೇಕೆಂದಿದ್ದರೆ ಕೈಗೆ ಸುಲಭವಾಗಿ ಸಿಗದ ಮೇಲಿನ ಅಟ್ಟದ ಬಾಗಿಲುಗಳಿಗೆ ಬಿಳಿ ಇರಲಿ, ಯಾರ ಮನಸ್ಸೂ ನೋಯುವುದಿಲ್ಲ. ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ತುಂಬಿಸದೆ ಬೂದು ಬಣ್ಣದ ಎಪಾಕ್ಸಿ ಹಾಕಿಸಿ; ಎಣ್ಣೆಯನ್ನು ಅದು ಹೀರುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಖಾಲಿ ಬಿಟ್ಟ ಕಟ್ಟೆಯ ಮಾತು ಕೇಳಿ ಅತ್ತೆಯವರಿಗೆ ಬಹಳ ಸಂತೋಷವಾಯಿತು. ಎರಡು ಸಂದೇಹ ಉಳಿದಿವೆ: ಗೋಡೆ ತೆಗೆಸುವುದು ಸರಿಯೇ, ಮತ್ತು ಹಳೆಯ ಕಡಪಾ ಕಲ್ಲನ್ನು ಮತ್ತೆ ಬಳಸಬಹುದೇ?

ಉತ್ತರ 3 (ಸಿಂಧನೂರಿನಿಂದ)

ಗೋಡೆಯನ್ನು ಪೂರ್ತಿ ತೆಗೆಸಬೇಡಿ. ಮೆಣಸಿನಕಾಯಿ ಹುರಿಯುವ, ಒಗ್ಗರಣೆಯ ಘಾಟೇಳುವ ಮನೆಯಲ್ಲಿ ಅದೆಲ್ಲ ನಡುಮನೆಯ ಪರದೆಗೆ, ಹಾಸಿಗೆಗೆ ಹತ್ತುತ್ತದೆ. ಹಳೆಯ ಮನೆಯಾದ್ದರಿಂದ ಆ ಗೋಡೆ ಮೇಲಿನ ಭಾರ ಹೊತ್ತಿರಲೂಬಹುದು, ಇಂಜಿನಿಯರರಿಗೆ ತೋರಿಸದೆ ಸುತ್ತಿಗೆ ಮುಟ್ಟಿಸಬಾರದು. ಅವರು ಒಪ್ಪಿದರೆ ಊಟದ ಕಡೆಗೆ ಮೂರಡಿಯ ಕಿಂಡಿ ಬಿಡಿಸಿ ಜಾರುಬಾಗಿಲು ಹಾಕಿಸಿ. ಮಗಳ ಆಸೆಯೂ ನಡೆಯುತ್ತದೆ, ಎಕ್ಸಾಸ್ಟ್ ಫ್ಯಾನ್ ಎಳೆಯುವಾಗ ಒಳಕ್ಕೆ ಗಾಳಿ ಬರಲೂ ದಾರಿಯಾಗುತ್ತದೆ.

ಕಡಪಾ ಸುಣ್ಣದ ಅಂಶವಿರುವ ಕಲ್ಲು. ಹುಣಸೆರಸ, ನಿಂಬೆರಸ ಬಿದ್ದು ನಿಂತರೆ ಅದರ ಮೇಲ್ಮೈ ತಿಂದುಹೋಗಿ ಮಂಕಾಗುತ್ತದೆ, ನಲ್ಲಿಯ ಬಿಳಿ ಕಲೆ ತೆಗೆಯಲು ವಿನೆಗರ್ ಹಾಕಿದರೂ ಅಷ್ಟೇ. ಆದ್ದರಿಂದ ಸಿಂಕಿನ ಬಳಿ ಅದು ಬೇಡ, ಕಪಾಟಿನ ಒಳಗಿನ ಹಲಗೆಗಳಾಗಿ ಬಳಸಿ. ಹಿಟ್ಟಿನ ಡಬ್ಬಿ, ಎಣ್ಣೆಯ ಡಬ್ಬಿಗಳ ಭಾರಕ್ಕೆ ಬಾಗುವುದೂ ಇಲ್ಲ, ಗೆದ್ದಲು ಹಿಡಿಯುವುದೂ ಇಲ್ಲ.

ಇನ್ನೊಂದು ಮಾತು ಯಾರೂ ಹೇಳಿಲ್ಲ. ಸಿಲಿಂಡರನ್ನು ಕಟ್ಟೆಯ ಕೆಳಗೆ ಬಾಗಿಲು ಮುಚ್ಚಿ ಇಡುವುದಾದರೆ ಆ ಬಾಗಿಲಿನ ಬುಡದಲ್ಲಿ ಜಾಲರಿ ಇರಲೇಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಮೇಲಕ್ಕೇಳದೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಅದೇ ಕಾರಣಕ್ಕೆ ಆ ಕಪಾಟಿನೊಳಗೆ ಯಾವ ವಿದ್ಯುತ್ ಪ್ಲಗ್ಗನ್ನೂ ಕೊಡಿಸಬೇಡಿ.