‘ದಿ ಬ್ಲಾಬ್’ ಚಿತ್ರದ ಕೆಂಪು ಮುದ್ದೆಯನ್ನು ಹೇಗೆ ಮಾಡಿದರು?

ಪ್ರಶ್ನೆ: 1958ರ ‘ದಿ ಬ್ಲಾಬ್’ ನೋಡಿದೆ. ಕಣ್ಣು, ಬಾಯಿ, ಕೈಕಾಲು ಏನೂ ಇಲ್ಲದ ಆ ಮುದ್ದೆ ಚಿತ್ರಮಂದಿರದ ಬಾಗಿಲಿನಿಂದ ಉಕ್ಕಿ ಬಂದಾಗ ಮೈ ಜುಮ್ಮೆಂದಿತು. ಅಷ್ಟು ಕಡಿಮೆ ಹಣದಲ್ಲಿ ಇದು ಹೇಗೆ ಸಾಧ್ಯವಾಯಿತು? ತಿಳಿದವರು ಹೇಳಿ.

ಉತ್ತರ 1: ಅದು ಕೆಂಪು ಬಣ್ಣ ಬೆರೆಸಿದ ಸಿಲಿಕೋನ್. ಪುಟ್ಟ ಮಾದರಿ ಸೆಟ್‌ಗಳ ಮೇಲೆ ಅದನ್ನು ಹರಿಯಬಿಟ್ಟು ಚಿತ್ರೀಕರಿಸಿದರು. ರಬ್ಬರ್ ಉಡುಪು ತೊಟ್ಟ ರಾಕ್ಷಸನಾಗಿದ್ದರೆ ಹೊಲಿಗೆ ಕಣ್ಣಿಗೆ ರಾಚುತ್ತಿತ್ತು. ಇಲ್ಲಿ ಆ ತಾಪತ್ರಯವೇ ಇಲ್ಲ. ನೀವು ಹೇಳಿದ ಚಿತ್ರಮಂದಿರ ಪೆನ್ಸಿಲ್ವೇನಿಯಾದ ಫೀನಿಕ್ಸ್‌ವಿಲ್‌ನ ಕಲೋನಿಯಲ್ ಥಿಯೇಟರ್. ಈಗಲೂ ಇದೆ.

ಉತ್ತರ 2: ನನಗೆ ಆ ದೃಶ್ಯಕ್ಕಿಂತ ಆರಂಭವೇ ಹೆಚ್ಚು ಇಷ್ಟ. ಮುದುಕ ಉಲ್ಕೆಯನ್ನು ಕೋಲಿನಿಂದ ತಿವಿಯುತ್ತಾನೆ, ಅದು ಒಡೆಯುತ್ತದೆ, ಒಳಗಿನ ಅಂಟು ಕೋಲಿಗೆ ಹತ್ತುತ್ತದೆ. ಅವನು ಅದನ್ನು ಕುತೂಹಲದಿಂದ ನೋಡುತ್ತಿರುವಾಗಲೇ ಅಂಟು ಕೈಯನ್ನು ಆವರಿಸುತ್ತದೆ. ಕೋಲು, ಕೈ, ಒಂದು ಮುಷ್ಟಿ ಅಂಟು, ಇಷ್ಟರಲ್ಲೇ ನಿಜವಾದ ಭಯ! ನಡುವೆ ಪೊಲೀಸ್ ಠಾಣೆಯ ಮಾತುಕತೆ ಎಳೆದಾಡುತ್ತದೆ, ಒಪ್ಪುತ್ತೇನೆ. ಆದರೆ ಹದಿಹರೆಯದವನ ಪಾತ್ರದಲ್ಲಿ ಸ್ಟೀವ್ ಮೆಕ್ವೀನ್, ಆಗಲೇ ಇಪ್ಪತ್ತೈದು ದಾಟಿದ್ದರೂ, ಯಾರೂ ನಂಬದ ಹುಡುಗನ ಚಡಪಡಿಕೆಯನ್ನು ಪ್ರಾಮಾಣಿಕವಾಗಿ ತೋರಿಸುತ್ತಾರೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಅಗ್ನಿಶಾಮಕ ಸಿಲಿಂಡರುಗಳ ತಣ್ಣನೆಯ ಅನಿಲಕ್ಕೆ ಅದು ಹಿಮ್ಮೆಟ್ಟುವ ಭಾಗವನ್ನು ಈಗಲೇ ಮತ್ತೊಮ್ಮೆ ನೋಡುತ್ತೇನೆ.