ವಾಕರ್ ಅಂದರೆ ನಡೆಯುವವರಾ? ಮಗಳ ಹೋಮ್‌ವರ್ಕ್‌ಗೆ ಸಹಾಯ ಬೇಕು

ರೀಡಿಂಗ್ ಅಮ್ಮ: ಎಲ್ಲರಿಗೂ ನಮಸ್ಕಾರ. ಮಗಳು ಇಲ್ಲಿ ಇಂಗ್ಲೆಂಡಿನ ಶಾಲೆಯಲ್ಲಿ ಇಯರ್ ಫೋರ್, ಅಂದರೆ ನಾಲ್ಕನೇ ವರ್ಷ. ಸರ್‌ನೇಮ್‌ಗಳ ಅರ್ಥ ಬರೆದು ತರಲು ಹೇಳಿದ್ದಾರೆ. ಅವಳ ಗೆಳತಿಯದು ವಾಕರ್. ನಮ್ಮದು ಮಾವನವರ ಹೆಸರು, ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಆಯಿತು. "ನಮಗೆ ನಿಜವಾದ ಸರ್‌ನೇಮೇ ಇಲ್ವಾ ಅಮ್ಮಾ" ಅಂತ ಒಂದೇ ಅಳು. ಊರಿನ ಹೆಸರಿಗೆ ಬದಲಾಯಿಸಬಹುದಾ?

ಲೀಡ್ಸ್‌ವಾಸಿ: ನಡೆಯುವುದೇ, ಆದರೆ ಬಟ್ಟೆಯ ಮೇಲೆ. ನೇಯ್ದ ಉಣ್ಣೆ ಬಟ್ಟೆಯನ್ನು ತೊಟ್ಟಿಗೆ ಹಾಕಿ, ಹಳೇ ಮೂತ್ರ ಸುರಿದು ತುಳಿಯುತ್ತಿದ್ದರು. ಜಿಡ್ಡು ಬಿಟ್ಟು ಬಟ್ಟೆ ದಪ್ಪವಾಗುತ್ತಿತ್ತು. 12ನೇ ಶತಮಾನದ ಕೊನೆಗೆ ನೀರಿನಿಂದ ಓಡುವ ಗಿರಣಿಗಳು ಬಂದವು, ತುಳಿಯುವ ಕೆಲಸ ಮರದ ಸುತ್ತಿಗೆಗೆ ಹೋಯಿತು. ಹೆಸರು ಮಾತ್ರ ಉಳಿಯಿತು. ಇದೇ ಕಸುಬಿನವರು ಇಂಗ್ಲೆಂಡಿನ ಉತ್ತರದಲ್ಲಿ ವಾಕರ್, ಆಗ್ನೇಯದಲ್ಲಿ ಫುಲ್ಲರ್, ನೈರುತ್ಯದಲ್ಲಿ ಟಕ್ಕರ್.

ಸ್ಲೌ ಸುಬ್ಬಿ: ಮೂತ್ರದ ವಿಷಯ ಖಂಡಿತ ಬರೆಸಿ, ಕ್ಲಾಸೆಲ್ಲ ಖುಷಿಯಾಗುತ್ತೆ 😄

ಬರ್ಮಿಂಗ್‌ಹ್ಯಾಮ್ ರಾಯರು: ವರ್ಷಗಳಿಂದ ಹೇಳುತ್ತಿದ್ದೇನೆ, ಯಾರೂ ಕೇಳುವುದಿಲ್ಲ. ಮನೆಯಲ್ಲಿ ಕನ್ನಡ ಮಾತಾಡಿದ್ದರೆ ಮಗು ಹೆಸರಿಗೆ ಅಳುತ್ತಿರಲಿಲ್ಲ. ಹಿರಿಯರ ಹೆಸರು ತೆಗೆಯುವ ಯೋಚನೆಯೇ ತಪ್ಪು.

ಕಾರ್ಡಿಫ್ ಕನ್ನಡತಿ: ರಾಯರೇ, ಅವರು ಕೇಳಿದ್ದು ಅದಲ್ಲ. ಅಮ್ಮಾ, ಅಪ್ಪ ತಾತಂದಿರ ಹೆಸರು ಇಲ್ಲೂ ಸರ್‌ನೇಮೇ. ಜಾನ್ಸನ್ ಅಂದರೆ ಜಾನ್ ಮಗ. ವೇಲ್ಸ್‌ನಲ್ಲಿ 'ಆಪ್' ಅಂದರೆ ಮಗ. ಆಪ್ ಹವೆಲ್ ಹೋಗಿ ಪೊವೆಲ್ ಆಯಿತು, ಆಪ್ ರೀಸ್ ಹೋಗಿ ಪ್ರೈಸ್. ಕೆಲವು ಕಡೆ 18ನೇ ಶತಮಾನದಲ್ಲೂ ತಲೆಮಾರಿಗೊಂದು ಹೆಸರು ಬದಲಾಗುತ್ತಿತ್ತು, ಥೇಟ್ ನಮ್ಮ ಇನಿಷಿಯಲ್ ಹಾಗೇ. ಇದನ್ನೇ ಬರೆಸಿ.

ಹುಬ್ಬಳ್ಳಿ ಹೈದ: ಅಡ್ಡಹೆಸರು ನೋಡಬೇಕಂದ್ರ ನಮ್ಮ ಕಡೆ ಬರ್ರಿ! ಬಡಿಗೇರ, ಕಂಬಾರ, ಮೆಣಸಿನಕಾಯಿ, ಉಳ್ಳಾಗಡ್ಡಿ. ನನ್ನ ಮಗ ಮಾತ್ರ ಆಫೀಸಿನಾಗ ನಮ್ಮ ಹೆಸರು ಅರ್ಧಕ್ಕ ಕತ್ತರಿಸ್ಯಾನ. ಕೇಳಿದ್ರ, ಬಾಸ್‌ಗೆ ಬಾಯಿ ತಿರುಗಂಗಿಲ್ಲ ಅಂತಾನ. ಏನ್ ಮಾಡೂದ್ರಿ.

ಬರ್ಮಿಂಗ್‌ಹ್ಯಾಮ್ ರಾಯರು: ನೋಡಿದಿರಾ! ಇದೇ ನಾನು ಹೇಳಿದ್ದು.

ಲೀಡ್ಸ್‌ವಾಸಿ: ಬದಲಾಯಿಸಲೇಬೇಕಿದ್ದರೆ ಡೀಡ್ ಪೋಲ್, ಅಂದರೆ ಹೆಸರು ಬದಲಿಸುವ ಕಾನೂನು ಪತ್ರ, ಮಾಡಿಸಬೇಕು. ಮಗುವಿನ ಮೇಲೆ ಕಾನೂನಿನ ಹೊಣೆ ಇರುವವರೆಲ್ಲ ಒಪ್ಪಬೇಕು, ಅಂದರೆ ನಿಮ್ಮ ಯಜಮಾನರೂ. ಆಮೇಲೆ ಪಾಸ್‌ಪೋರ್ಟ್, ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಇದ್ದರೆ ಅದೂ ಹೊಸದು. ಓಡಾಟ ಜಾಸ್ತಿ. ಒಂದು ಹೋಮ್‌ವರ್ಕ್‌ಗೆ ಇಷ್ಟೆಲ್ಲ ಬೇಕಾ?

ರೀಡಿಂಗ್ ಅಮ್ಮ: ಥ್ಯಾಂಕ್ಸ್. ಇವರ ಹತ್ತಿರ ಮಾತಾಡುತ್ತೇನೆ. ಓಸಿಐಗೆ ಎಷ್ಟು ದಿನ ಹಿಡಿಯುತ್ತೆ?

ಬರ್ಮಿಂಗ್‌ಹ್ಯಾಮ್ ರಾಯರು: ಪೋಲೂ ಬೇಡ ಗೀಲೂ ಬೇಡ. ಭಾನುವಾರ ಕನ್ನಡ ಕ್ಲಾಸಿಗೆ ಕಳಿಸುತ್ತೀರೋ ಇಲ್ಲವೋ, ಅದು ಹೇಳಿ.